ಕೊನೇ ರೀಲಿನ ಕೋಳಿ

ಅವನಿಗೆ ಟ್ರೇಲರ್ ಎಂದು ಹೆಸರಿಟ್ಟವಳು ಅಕ್ಕ. ಕಾರಣ ಬೀದಿಗೆಲ್ಲ ಗೊತ್ತಿತ್ತು. ಗಿಟಾರ್ ಕ್ಲಾಸಿಗೆ ಸೇರಿದ, ತಂತಿ ಹರಿದು ಹಾಕಿ ಬಿಟ್ಟ. ಜಿಮ್ಮಿಗೆ ಸೇರಿದ, ಕನ್ನಡಿ ಮುಂದೆ ತೋಳು ಮಡಚಿ ಫೋಟೋ ತೆಗೆದುಕೊಂಡು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಗೆಲ್ಲ ಬಣ್ಣ ಹೊಡೆಯುತ್ತೇನೆಂದು ಲುಂಗಿ ಎತ್ತಿ ಕಟ್ಟಿ ಹೊರಟು ಒಂದೇ ಒಂದು ಗೋಡೆ ಮುಗಿಸಿದ. ಉಳಿದ ಗೋಡೆಗಳು ಇವತ್ತಿಗೂ ಆ ಗೋಡೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿವೆ. ಎಂಟ್ರಿ ಭರ್ಜರಿ, ಹಿನ್ನೆಲೆ ಸಂಗೀತ ಭರ್ಜರಿ, ಪಿಕ್ಚರ್ ಮಾತ್ರ ಎಂದೂ ಬಿಡುಗಡೆಯಾಗುವುದಿಲ್ಲ.

ಹೊಟ್ಟೆಪಾಡಿಗೆ ಅವನು ಒಂದು ದೊಡ್ಡ ಅಂಗಡಿಯಲ್ಲಿ ಮೈಕ್ ಹಿಡಿಯುತ್ತಿದ್ದ. ಸೋಪಿಗೆ ರಿಯಾಯಿತಿ, ಒಂದು ಬಕೆಟ್ಟಿಗೆ ಇನ್ನೊಂದು ಉಚಿತ, ಇಂಥವನ್ನು ದಿನವಿಡೀ ಕೂಗುವ ಕೆಲಸ. ಅದನ್ನೂ ನೆಟ್ಟಗೆ ಕೂಗುವವನಲ್ಲ. "ಈ ಬಕೆಟ್ ನೀರು ತುಂಬೋಕಲ್ಲ ತಾಯೀ, ನಿಮ್ಮ ಕಣ್ಣೀರು ತುಂಬೋಕೆ!" ಎಂದು ಗಂಟಲು ನಡುಗಿಸಿ ಮ್ಯಾನೇಜರ್ ಕೈಯಲ್ಲಿ ಚೆನ್ನಾಗಿ ಉಗಿಸಿಕೊಂಡಿದ್ದ. ಬಕೆಟ್ಟುಗಳೇನೋ ಸಂಜೆಯೊಳಗೆ ಖಾಲಿಯಾಗಿದ್ದವು.

ಈ ಹುಚ್ಚು ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ಒಂದು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ. ಊರೆಲ್ಲ ದೊಡ್ಡ ಪರದೆಯ ಮುಂದೆ ಕೂತು ನೋಡಿದ್ದನ್ನು ಅವನು ಜೀವಮಾನವಿಡೀ ಅಂಗೈಯಗಲದ ಕಿಂಡಿಯಲ್ಲಿ ನೋಡಿದ. ಮಕ್ಕಳು ಚಿಕ್ಕವರಿರುವಾಗಲೇ ಅಮ್ಮ ತೀರಿಕೊಂಡಳು. ಆಮೇಲೆ ಇಬ್ಬರನ್ನೂ ಪ್ರೊಜೆಕ್ಟರ್ ಬೂತಿನ ಮೂಲೆಯಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದ. ಟ್ರೇಲರ್ ಅಕ್ಷರಕ್ಕಿಂತ ಮೊದಲು ಡೈಲಾಗ್ ಕಲಿತದ್ದು ಹಾಗೆ. ಬೇರೆಯವರಿಗೆ ಭಾನುವಾರವೆಂದರೆ ರಜೆ, ಅಪ್ಪನಿಗೆ ಒಂದು ಆಟ ಹೆಚ್ಚು. ಕಾಲ ಬದಲಾಗಿ ಚಿತ್ರಮಂದಿರಕ್ಕೆ ಬೀಗ ಬಿದ್ದಾಗ ಅವನಿಗೆ ಬದುಕಿನಲ್ಲಿ ಮೊದಲ ಸಲ ಒಂದು ಭಾನುವಾರ ಸಿಕ್ಕಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಬೆಳಗಿನಿಂದ ಸಂಜೆಯವರೆಗೂ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಅದರ ಮುಂದಿನ ಭಾನುವಾರ ಬಾರ್ಬೆಕ್ಯೂ ಕಟ್ಟಿದ.

ಒಂದು ಹಳೆಯ ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಮೇಲಿನ ಅರ್ಧಕ್ಕೆ ಕೀಲು ಹಾಕಿಸಿ ಮುಚ್ಚಳ ಮಾಡಿದ. ಹಳೆಯ ಪ್ರೊಜೆಕ್ಟರಿನಲ್ಲಿ ಇಂಗಾಲದ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದಲ್ಲಿ ಅದರ ಹೊಗೆ ಹೋಗಲು ಒಂದು ತಗಡಿನ ಕೊಳವೆ ಇರುತ್ತಿತ್ತು. ಗುಜರಿಗೆ ಹೋಗುವ ಮೊದಲು ಅಪ್ಪ ಅದನ್ನು ಕೇಳಿ ಇಸಿದುಕೊಂಡಿದ್ದ. ಅದೇ ಈಗ ಡ್ರಮ್ಮಿನ ತಲೆ ಮೇಲೆ ಕೂತಿತು, ಗಾಳಿ ಹೆಚ್ಚು ಕಡಿಮೆ ಮಾಡುವ ಸಣ್ಣ ಬಿಲ್ಲೆ ಸಮೇತ. ಬೂತಿನಿಂದ ಅವನು ತಂದ ಇನ್ನೊಂದು ವಸ್ತು ಹಿತ್ತಾಳೆಯ ಗಂಟೆ. ಆಟ ಶುರುಮಾಡು ಎಂದು ಚಿತ್ರಮಂದಿರದ ಮ್ಯಾನೇಜರ್ ಬಾರಿಸುತ್ತಿದ್ದ ಗಂಟೆ ಅದು. ಕೋಳಿ ಬೆಂದಿತು, ತಟ್ಟೆ ತನ್ನಿ ಎಂದು ಅಪ್ಪ ಅದನ್ನು ಬಾರಿಸುತ್ತಿದ್ದ. ಒಳಗಿನಿಂದ ಇಬ್ಬರೂ ಓಡಿ ಬರುತ್ತಿದ್ದರು. ಅಪ್ಪನ ಕೋಳಿಕಾಲು ಅಂದರೆ ಮೇಲಿನ ಚರ್ಮ ಹಪ್ಪಳ, ಒಳಗೆ ಹತ್ತಿ.

ಆ ಅಪ್ಪನ ಗಂಟಲಲ್ಲಿ ಗಡ್ಡೆ ಎದ್ದಿತು.

ಆಸ್ಪತ್ರೆಗೆ ಅಲೆದಾಟವೆಲ್ಲ ಅಕ್ಕನದೇ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಡಾಕ್ಟರುಗಳ ಕೈಬರಹದ ಜೊತೆ ಅವರ ಮುಖವನ್ನೂ ಓದಬಲ್ಲಳು. ಅಂದು ಮನೆಗೆ ಬಂದು ಅಡುಗೆಮನೆಯ ನಲ್ಲಿ ಜೋರಾಗಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ತಮ್ಮನಿಗೆ ಹೇಳಿದಳು.

"ಇನ್ನು ಮಾಡೋಕೇನೂ ಇಲ್ವಂತೆ ಕಣೋ. ಗಂಟಲು ದಿನಾ ದಿನಾ ಮುಚ್ಕೋತಾ ಹೋಗುತ್ತಂತೆ. ನುಂಗೋಕಾಗೋವರೆಗೂ ಇಷ್ಟ ಆದದ್ದು ಕೊಡಿ ಅಂದ್ರು."

"ಆಮೇಲೆ?"

ಅಕ್ಕ ನಲ್ಲಿ ನಿಲ್ಲಿಸಿದಳು. ಅದೇ ಉತ್ತರ.

ಆ ಭಾನುವಾರ ಅಪ್ಪ ಮೆಟ್ಟಿಲ ಮೇಲೆ ಕೂತು ಮಗನನ್ನು ಕರೆದ. ದನಿ ಆಗಲೇ ಒಡೆದಿತ್ತು, ಹಳೆಯ ಸ್ಪೀಕರಿನ ಹಾಗೆ.

"ಇನ್ಮೇಲೆ ನೀನು ಬೇಯಿಸು. ನಾನು ಆಡಿಯನ್ಸು."

ಟ್ರೇಲರ್ ಇಕ್ಕಳ ಎತ್ತಿಕೊಂಡು ತಿರುಗಿಸಿ, ಎದೆ ಸೆಟೆಸಿ ನಿಂತ. "ಅಪ್ಪಾ! ಈ ಹಿತ್ತಿಲ ಮೇಲೆ ಆಣೆ! ಈ ಡ್ರಮ್ಮಿನ ಮೇಲೆ ಆಣೆ! ಏಳು ಬೀದಿಯ ಕೋಳಿಗಳು ನನ್ನ ಹೆಸರು ಕೇಳಿದ್ರೆ ತಾವಾಗೇ ಬಂದು..."

"ಕಟ್," ಅಂದ ಅಪ್ಪ. "ಓವರ್ ಆ್ಯಕ್ಟಿಂಗು. ಗುರಿ ಏನು ಹೇಳು."

"ಅದೇ ಹೇಳ್ತಿದ್ನಲ್ಲ, ಬಾರ್ಬೆಕ್ಯೂ ಚಕ್ರವರ್ತಿ ಆಗೋದು."

"ಸಣ್ಣದು ಹೇಳೋ."

"ಕೋಳಿ ಸುಡದೇ ಇರೋದು."

"ಇನ್ನೂ ಸಣ್ಣದು."

ಟ್ರೇಲರ್ ತಲೆ ಕೆರೆದುಕೊಂಡ. "ಸೀಮೆಎಣ್ಣೆ ಸುರೀದೆ ಬೆಂಕಿ ಹಚ್ಚೋದು?"

"ಹಾಂ. ಅದು ಗುರಿ. ಅದು ಮೊದಲನೇ ರೀಲು." ಅಪ್ಪ ಉಗುಳು ನುಂಗಲು ಕತ್ತು ಒಂದು ಕಡೆ ವಾಲಿಸಿದ. "ಇಡೀ ಪಿಕ್ಚರ್‌ನ ಒಂದೇ ಸಲ ಮಿಷಿನ್‌ಗೆ ಹಾಕೋಕಾಗಲ್ಲ. ಒಂದು ರೀಲು ಮುಗಿದ್ರೆ ಇನ್ನೊಂದು. ನೀನು ಪಾಸಾದ್ರೆ ಗಂಟೆ ಹೊಡೀತೀನಿ. ಇಲ್ಲಾಂದ್ರೆ ಮುಂದಿನ ಭಾನುವಾರ ಅದೇ ರೀಲು ಮತ್ತೆ."

"ಎಲ್ಲಾ ರೀಲೂ ಮುಗಿದ್ರೆ?"

"ಶುಭಂ. ಬೂತಿಗೆ ಬೀಗ ಹಾಕಿ ಆಪರೇಟರ್ ಹೊರಡೋದು."

ಅಪ್ಪ ನಕ್ಕೇ ಹೇಳಿದ್ದು. ಆದರೆ ಆ ಮಾತು ಟ್ರೇಲರ್‌ನ ಕಿವಿಯೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಮೊದಲನೇ ರೀಲಿಗೇ ಅವನ ಬೆವರು ಇಳಿಯಿತು. ಕಾಗದ ಉರಿಯುತ್ತದೆ, ಇದ್ದಿಲು ಉರಿಯುವುದಿಲ್ಲ. ಊದಿ ಊದಿ ಕಣ್ಣು ಕೆಂಪಾಗಿ, ಮುಖವೆಲ್ಲ ಮಸಿಯಾಗಿ, ವಿಲನ್ ಗೋಡೌನಿಗೆ ಬೆಂಕಿಯಿಟ್ಟು ಓಡಿಬಂದವನಂತೆ ಕಂಡ. ಪಕ್ಕದ ಮನೆಯ ಟೈಲರ್ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿದಳು. ಹೊಲಿದ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕೊಡುವವಳು. ಅವಳ ತಂತಿಯ ತುಂಬ ಯಾರದೋ ಬಿಳಿ ಅಂಗಿಗಳು ನೇತಾಡುತ್ತಿದ್ದವು.

"ಏ ಮುಠ್ಠಾಳ! ಗಿರಾಕಿ ಅಂಗೀಗೆಲ್ಲ ಹೊಗೆ ಹಿಡಿಸ್ತೀಯಲ್ಲೋ! ಸೊಳ್ಳೆ ಓಡಿಸ್ತಿದೀಯೋ, ಅಡುಗೆ ಮಾಡ್ತಿದೀಯೋ?"

"ಅಜ್ಜೀ, ಇದು ಹೊಗೆ ಅಲ್ಲ. ಹೀರೋ ಎಂಟ್ರಿಗೆ ಬಿಡೋ ಮಂಜು."

"ಹೀರೋ ಅಂತೆ ಹೀರೋ. ನಿಮ್ಮಪ್ಪ ಇದ್ದಿಲಿಗೆ ಕೈ ಹಾಕಿದ್ರೆ ಅದು ತಾನಾಗೇ ಹತ್ಕೋತಿತ್ತು. ನಿನ್ನ ಕಂಡ್ರೆ ಉರಿಯೋದೂ ಆರುತ್ತೆ." ಬೈಯುತ್ತಲೇ ಅಜ್ಜಿ ಅಂಗಿಗಳನ್ನೆಲ್ಲ ಎಳೆದು ತೋಳಿಗೆ ಹಾಕಿಕೊಂಡು ಒಳಗೆ ಹೋದಳು. ಆಮೇಲೆ ಪ್ರತಿ ಭಾನುವಾರವೂ ಇದೇ ಆಟ: ಇವನು ಇದ್ದಿಲು ಸುರಿಯುವುದು, ಅವಳು ಬೈದುಕೊಂಡು ಬಟ್ಟೆ ತೆಗೆಯುವುದು.

ತಳ ಒಡೆದ ಡಬ್ಬದಲ್ಲಿ ಇದ್ದಿಲನ್ನು ಗೋಪುರದಂತೆ ತುಂಬಿ ಕೆಳಗಿನಿಂದ ಕಾಗದ ಹಚ್ಚಿದರೆ ಗಾಳಿಯೇ ಉಳಿದ ಕೆಲಸ ಮಾಡುತ್ತದೆಂದು ಕಡೆಗೂ ತಿಳಿಯಿತು. ಇದ್ದಿಲ ಮೇಲೆ ಬೂದಿಯ ತೆಳು ಪದರ ಕೂತ ಹೊತ್ತಿಗೆ ಮೆಟ್ಟಿಲ ಮೇಲೆ ಗಂಟೆ ಹೊಡೆಯಿತು. ಟಣ್. ಟ್ರೇಲರ್ ಇಕ್ಕಳ ಎಸೆದು ಹಿತ್ತಿಲ ತುಂಬ ಕುಣಿದ. ಒಂದು ಕೆಲಸವನ್ನು ಶುರುಮಾಡಿ ಮುಗಿಸಿದರೆ ಹೀಗೆ ಅನ್ನಿಸುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಎರಡನೇ ರೀಲು ಇದ್ದಿಲನ್ನು ಒಂದೇ ಪಕ್ಕಕ್ಕೆ ರಾಶಿ ಮಾಡಿ, ಕೋಳಿಯನ್ನು ಬೆಂಕಿಯಿಲ್ಲದ ಪಕ್ಕದಲ್ಲಿ ಇಡುವುದು. ಮೂರನೆಯದು ಉಪ್ಪು. ಹಿಂದಿನ ಸಂಜೆಯೇ ಹಚ್ಚಿಡಬೇಕು, ಮಾಂಸ ಅದನ್ನು ನಿಧಾನವಾಗಿ ಕುಡಿಯಬೇಕು. ಅಪ್ಪ ಅವನ ಬೆರಳುಗಳನ್ನು ತನ್ನ ಬೆರಳುಗಳಿಂದ ಹಿಡಿದು, ಚಿಟಿಕೆ ಎಂದರೆ ಎಷ್ಟು ಎಂದು ತೋರಿಸಿದ. ಆ ಬೆರಳುಗಳು ಎಷ್ಟು ಹಗುರವಾಗಿದ್ದವೆಂದರೆ ಟ್ರೇಲರ್ ಬೇಕೆಂದೇ ಎರಡು ಸಲ ತಪ್ಪು ಮಾಡಿ ಮತ್ತೆ ಹಿಡಿಸಿಕೊಂಡ. ಆದರೂ ಆ ವಾರ ಗಂಟೆ ಹೊಡೆಯಿತು.

ನಾಲ್ಕನೇ ರೀಲಿಗೆ ಮನೆಯವರೆಲ್ಲ ನಕ್ಕರು. ಮುಚ್ಚಳ ತೆಗೆಯದೆ ಇರುವುದು.

"ಇವನ ಕೈಲಿ ಆಗಲ್ಲ ಬಿಡಪ್ಪ," ಅಂದಳು ಅಕ್ಕ. "ಹಾಲಿಗೆ ಹೆಪ್ಪು ಹಾಕಿದ್ರೆ ಗಂಟೆಗೊಂದು ಸಲ ಅಲ್ಲಾಡಿಸಿ ನೋಡೋ ಪ್ರಾಣಿ ಇದು."

ನಿಜವಾಗಿಯೂ ಆಗಲಿಲ್ಲ. ಮುಚ್ಚಳದ ಹಿಡಿ ಅವನನ್ನು ಕರೆಯುತ್ತಿತ್ತು. ಒಳಗೆ ಏನಾಗುತ್ತಿದೆಯೋ ಎಂಬ ಚಡಪಡಿಕೆ ತಾಳದೆ ಎತ್ತುತ್ತಿದ್ದ. ಬಿಸಿಯೆಲ್ಲ ಹಾರಿ ಹೋಗಿ, ಕೋಳಿ ಹೊರಗೆ ಒಣಗಿ ಮೂಳೆಯ ಹತ್ತಿರ ಹಸಿ ಉಳಿಯುತ್ತಿತ್ತು.

"ಬೂತಲ್ಲಿ ನಾನೇನು ಮಾಡ್ತಿದ್ದೆ ಹೇಳು," ಅಂದ ಅಪ್ಪ. "ಮಿಷಿನ್ ಬಿಚ್ಚಿ ಬಿಚ್ಚಿ ನೋಡ್ತಿದ್ನಾ? ರೀಲು ಮುಗಿಯೋ ಮುಂಚೆ ಪರದೆ ಮೂಲೇಲಿ ಒಂದು ಚುಕ್ಕಿ ಬರುತ್ತೆ. ಜನಕ್ಕೆ ಕಾಣಲ್ಲ, ನಮಗೆ ಕಾಣುತ್ತೆ. ಬಂದಾಗ ಕೈ ಹಾಕಬೇಕು. ಬರೋವರೆಗೂ ಕೈ ಕಟ್ಕೊಂಡು ನಿಲ್ಲಬೇಕು."

"ಕೋಳಿಗೆಲ್ಲಪ್ಪ ಚುಕ್ಕಿ?"

"ಕೊಳವೆ ನೋಡು. ದಪ್ಪ ಬಿಳಿ ಹೊಗೆ ಬಂದ್ರೆ ಕಹಿ. ತೆಳ್ಳಗೆ ನೀಲಿಯಾಗಿ, ಇದೆಯೋ ಇಲ್ವೋ ಅನ್ನೋ ಹಾಗೆ ಬಂದ್ರೆ ಒಳಗೆ ಎಲ್ಲಾ ಸರಿಯಾಗಿದೆ ಅಂತ. ಆಮೇಲೆ ಕಿವಿ ಕೊಡು. ಕೊಬ್ಬು ತೊಟ್ಟಿಕ್ಕೋ ಸದ್ದು ಮೊದಲು ಚಟಪಟ ಇರುತ್ತೆ, ಆಮೇಲೆ ದೂರ ದೂರ ಆಗುತ್ತೆ. ಒಂದಾದ ಮೇಲೆ ಇನ್ನೊಂದು ಬರುತ್ತೋ ಇಲ್ವೋ ಅನ್ನೋ ಹಾಗೆ ಆಯ್ತು ಅಂದ್ಕೋ, ಅದೇ ಚುಕ್ಕಿ."

ಟ್ರೇಲರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅಪ್ಪ ಮೆಟ್ಟಿಲ ಮೇಲೆ ಕೂತ. ಇಬ್ಬರೂ ಕೊಳವೆ ನೋಡುವುದೇ ಅವರ ಭಾನುವಾರವಾಯಿತು. ಕಡೆಗೊಂದು ಸಂಜೆ ಗಂಟೆ ಹೊಡೆಯಿತು. ಸಿಪ್ಪೆಯಂತೆ ಮೂಳೆಯಿಂದ ಬಿಟ್ಟುಕೊಂಡ ಮಾಂಸವನ್ನು ಅಪ್ಪ ಎಳೆ ಎಳೆಯಾಗಿ ಬಿಡಿಸಿ, ಪ್ರತಿ ಎಳೆಯನ್ನೂ ಅಗಿದು ಅಗಿದು ನುಂಗಿದ. ಅರ್ಧ ಕಾಲು ತಿನ್ನುವಷ್ಟರಲ್ಲಿ ಅಜ್ಜಿಯ ಬಟ್ಟೆಗಳು ಮತ್ತೆ ತಂತಿಗೇರಿದ್ದವು.

"ಇನ್ನೊಂದೇ ರೀಲು," ಅಂದ ಅಪ್ಪ ಬಾಯಿ ಒರೆಸಿಕೊಂಡು. "ಬೆಂದ ಮೇಲೆ ಕೊನೇಲಿ ಬೆಂಕಿ ಮೇಲೆ ತಿರುಗಿಸಿ ಚರ್ಮ ಗರಿಯಾಗಿಸೋದು. ಸುಡಬಾರದು. ನನ್ನ ಕೈಯಲ್ಲಿ ಆಗ್ತಿತ್ತಲ್ಲ, ಹಾಗೆ."

ಕೊನೆಯ ರೀಲು. ಟ್ರೇಲರ್ ಬರಿದಾದ ತಟ್ಟೆ ತೆಗೆದುಕೊಂಡು ಒಳಗೆ ಹೋದ. ತೊಳೆಯುವಾಗ ಅದು ಕೈಯಿಂದ ಜಾರಿತು.

ಮುಂದಿನ ಭಾನುವಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಬೆಂಕಿ ಸರಿ, ಉಪ್ಪು ಸರಿ, ನೀಲಿ ಹೊಗೆ ಸರಿ. ಕೋಳಿಕಾಲುಗಳನ್ನು ಬೆಂಕಿಯಿರುವ ಪಕ್ಕಕ್ಕೆ ಸರಿಸಿದ. ಚರ್ಮ ಸುಯ್ ಎಂದು ಬಿಗಿದುಕೊಂಡು ಬಂಗಾರದ ಬಣ್ಣಕ್ಕೆ ತಿರುಗಿತು. ಇಕ್ಕಳ ಅವನ ಕೈಯಲ್ಲೇ ಇತ್ತು. ಅಪ್ಪನ ಕೈ ಗಂಟೆಯ ಕಡೆ ಹೋಗುತ್ತಿರುವುದನ್ನು ಕಡೆಗಣ್ಣಿನಲ್ಲಿ ಕಂಡ. ಕಂಡವನು ಇಕ್ಕಳವನ್ನು ನಿಧಾನವಾಗಿ ಇಳಿಸಿ, ನಲ್ಲಿಯ ಹತ್ತಿರ ಹೋಗಿ, ಸುಮ್ಮನೆ ಕೈ ತೊಳೆಯುತ್ತ ನಿಂತ. ತೊಳೆದ ಕೈಯನ್ನೇ ತೊಳೆದ. ಹಿಂದೆ ಸುಟ್ಟ ವಾಸನೆ ಏರಿತು.

"ಅಯ್ಯೋ! ಮರೆತೇ ಹೋಯ್ತಲ್ಲಪ್ಪಾ!" ಎಂದು ಹಣೆ ಬಡಿದುಕೊಂಡು ಓಡಿಬಂದ. ಅಂಗಡಿಯ ಮೈಕಿನಲ್ಲಿ ಮಾಡಿದ್ದಕ್ಕಿಂತ ಒಳ್ಳೆಯ ಆ್ಯಕ್ಟಿಂಗ್ ಅದು.

ಅಪ್ಪ ಕೊಳವೆಯನ್ನು ನೋಡಿದ. ಮಗನನ್ನು ನೋಡಿದ. ಗಂಟೆಯನ್ನು ಮೆಟ್ಟಿಲ ಮೇಲಿಟ್ಟ. "ಫೇಲು," ಅಂದ. "ಮುಂದಿನ ಭಾನುವಾರ ನೋಡೋಣ."

ಮುಂದಿನ ಭಾನುವಾರ! ಟ್ರೇಲರ್‌ಗೆ ಬೇಕಾಗಿದ್ದದ್ದು ಆ ಎರಡೇ ಶಬ್ದ. ಜೀವಮಾನವಿಡೀ ಕೆಲಸ ಮುಗಿಸಲಾಗದೆ ಬೈಸಿಕೊಂಡವನು ಈಗ ಮುಗಿಸದಿರುವುದಕ್ಕಾಗಿ ಮೈಯೆಲ್ಲ ಕಣ್ಣಾಗಿ ದುಡಿದ. ಒಂದು ವಾರ ಇಕ್ಕಳ ಕಳೆಯಿತು. ಒಂದು ವಾರ ಬಾಗಿಲಲ್ಲಿ ಇಲ್ಲದ ಪೋಸ್ಟ್‌ಮ್ಯಾನ್ ಕೂಗಿದ. ಇನ್ನೊಂದು ವಾರ ಕೊಳವೆಯ ಬಿಲ್ಲೆಯನ್ನು ಮೆಲ್ಲಗೆ ಮುಚ್ಚಿದ್ದರಿಂದ ಬಿಳಿ ಹೊಗೆ ಕಟ್ಟಿ ಮಾಂಸವೆಲ್ಲ ಕಹಿಯಾಯಿತು. ಪ್ರತಿ ಸಲವೂ ಅಪ್ಪ ಕರಿ ಚರ್ಮ ಸುಲಿದು, ಒಳಗಿನದರಲ್ಲಿ ಒಂದೆರಡು ಎಳೆ ಬಾಯಿಗಿಟ್ಟು, ಮುಖ ಹಿಂಡಿ, ತಟ್ಟೆ ಸರಿಸುತ್ತಿದ್ದ. ಫೇಲು. ಮುಂದಿನ ಭಾನುವಾರ. ಡಾಕ್ಟರ್ ಏನು ಬೇಕಾದರೂ ಹೇಳಲಿ. ರೀಲು ಬಾಕಿ ಇರುವಾಗ ಆಪರೇಟರ್ ಬೂತು ಬಿಟ್ಟು ಹೋಗುವುದುಂಟೇ?

ಬಿಲ್ಲೆ ಮುಚ್ಚಿದ್ದನ್ನು ಅಕ್ಕ ಕಂಡಿದ್ದಳು. ಒಣಗಲು ಹಾಕಿದ್ದ ಹೊದಿಕೆಯ ಹಿಂದಿನಿಂದ. ಅಪ್ಪ ಮಲಗಲು ಹೋದ ಮೇಲೆ ತಮ್ಮನ ಕಾಲರ್ ಹಿಡಿದು ಬಚ್ಚಲ ಪಕ್ಕಕ್ಕೆ ಎಳೆದಳು.

"ಯಾಕೋ ಹಾಗೆ ಮಾಡ್ದೆ? ಇದೂ ಒಂದು ತಮಾಷೇನಾ ನಿಂಗೆ?"

"ಪಾಸಾದ್ರೆ ಶುಭಂ ಅಂದಿದ್ದಾನೆ ಕಣೇ."

"ಏನು?"

"ಕೊನೇ ರೀಲು ಮುಗಿದ್ರೆ ಹೊರಡ್ತೀನಿ ಅಂದಿದ್ದಾನೆ. ನಾನು ಮುಗಿಸಲ್ಲ. ಅಷ್ಟೇ."

ಅಕ್ಕ ಕಾಲರ್ ಬಿಟ್ಟಳು. ಹೊಡೆಯುತ್ತಾಳೆ ಅಂದುಕೊಂಡ. ಹೊಡೆದಿದ್ದರೆ ಚೆನ್ನಾಗಿತ್ತು.

"ವಾರವೆಲ್ಲ ಮಿಕ್ಸಿಯಲ್ಲಿ ಅರೆದದ್ದನ್ನ ಕುಡೀತಾನೆ ಕಣೋ ಅಪ್ಪ," ಅಂದಳು. "ಕುಡಿಯೋವಾಗ ಕಣ್ಣು ಮುಚ್ಕೋತಾನೆ. ಯಾಕಪ್ಪಾ ಅಂತ ಕೇಳಿದ್ರೆ, ಭಾನುವಾರ ಅಗಿದು ತಿಂತೀನಲ್ಲ, ಅದನ್ನ ನೆನೆಸ್ಕೊಂಡು ಕುಡೀತೀನಿ ಅಂತಾನೆ. ವಾರಕ್ಕೊಂದು ಹೊತ್ತು. ಅದನ್ನೂ ನೀನು ಸುಟ್ಟು ಕೊಟ್ಯಾ?"

ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಮುಂದಿನ ಭಾನುವಾರ ಸರಿಯಾಗಿ ಮಾಡ್ತೀನಿ ಅಕ್ಕಾ. ಅಮ್ಮನಾಣೆ."

ಆ ವಾರ ಅವನು ಅಂಗಡಿಯಲ್ಲಿ ಸೋಪನ್ನು ಬರಿಯ ಸೋಪೆಂದೇ ಕೂಗಿದ. ಮೈಕ್ ಕೆಟ್ಟಿದೆಯೇನೋ ಎಂದು ಮ್ಯಾನೇಜರ್ ಬಂದು ನೋಡಿ ಹೋದ.

ವಾರದ ನಡುವೆ ಒಂದು ಬೆಳಿಗ್ಗೆ ಅಪ್ಪನ ಗಂಟಲಿನಿಂದ ನೀರು ಸಹ ಇಳಿಯಲಿಲ್ಲ. ಕುಡಿದದ್ದೆಲ್ಲ ಮೂಗಿನಿಂದ ಹೊರಗೆ ಬಂತು. ಆಸ್ಪತ್ರೆಗೆ ಹೋಗಿ ಬರುವಾಗ ಮೂಗಿನಲ್ಲೊಂದು ಸಣ್ಣ ನಳಿಗೆ ಇತ್ತು, ಕೆನ್ನೆಗೆ ಅಂಟುಪಟ್ಟಿ. ಇನ್ನು ಎಲ್ಲವೂ ಅದರಲ್ಲೇ. ಬಾಯಿಗೆ ಏನನ್ನೂ ಕೊಡುವಂತಿಲ್ಲ. ದನಿಯೂ ಹೆಚ್ಚುಕಡಿಮೆ ಹೋಗಿತ್ತು. ಅಕ್ಕ ಹಾಸಿಗೆಯನ್ನು ಹಿತ್ತಿಲ ಕಿಟಕಿಯ ಕೆಳಗೆ ಎಳೆದು, ಬೇಕಾದಾಗ ಕರೆಯಲು ಇರಲೆಂದು ಗಂಟೆಯನ್ನು ದಿಂಬಿನ ಪಕ್ಕ ಇಟ್ಟಳು. ಈಗ ಗಂಟೆ ದಿನಕ್ಕೆಷ್ಟೋ ಸಲ ಹೊಡೆಯುತ್ತಿತ್ತು: ಮಗ್ಗಲು ಬದಲಿಸಲು, ತುಟಿ ಒದ್ದೆ ಮಾಡಲು, ಕೆಲವು ಸಲ ಯಾಕೆಂದು ಅಪ್ಪನಿಗೇ ತಿಳಿಯದೆ.

ಶನಿವಾರ ಸಂಜೆ ಟ್ರೇಲರ್ ಕೋಳಿಕಾಲು ತಂದ.

"ಯಾರಿಗೋ?" ಅಂದಳು ಅಕ್ಕ.

ಅವನು ಉಪ್ಪು ಹಚ್ಚಿದ. ಚಿಟಿಕೆ ಹಿಡಿಯುವಾಗ ಬೆರಳುಗಳ ಮೇಲೆ ಬೇರೆ ಬೆರಳುಗಳ ಹಗುರ ಇನ್ನೂ ಇತ್ತು. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಭಾನುವಾರ ಇದ್ದಿಲು ಸುರಿದ ಸದ್ದಿಗೆ ಅಜ್ಜಿ ಹೊರಗೆ ಬಂದಳು. ಬೈಯಲು ಬಾಯಿ ತೆರೆದವಳು ಕಿಟಕಿಯ ಕಡೆ ನೋಡಿ, ತಣ್ಣಗೆ ಅಂಗಿಗಳನ್ನು ತೆಗೆದುಕೊಂಡು ಹೋದಳು. ಬೆಂಕಿ ಬೂದಿ ಹೊದ್ದುಕೊಂಡಿತು. ಮುಚ್ಚಳ ಮುಚ್ಚಿದ. ಕೈ ಬೆನ್ನ ಹಿಂದೆ ಕಟ್ಟಿದ. ಕೊಳವೆಯಿಂದ ಹೊಗೆ ನೀಲಿಯಾಗಿ, ಇದೆಯೋ ಇಲ್ಲವೋ ಎನ್ನುವಂತೆ ಏರಿತು. ಕಿಟಕಿಯಲ್ಲಿ ಅಪ್ಪನ ಮುಖ ಅದನ್ನೇ ನೋಡುತ್ತಿತ್ತು.

ಒಳಗೆ ಗಂಟೆ ಹೊಡೆಯಿತು. ಟ್ರೇಲರ್ ಕಿಟಕಿಯ ಕಡೆ ತಿರುಗಿದ. ಇಷ್ಟು ಬೇಗ ಪಾಸೇ? ಅಕ್ಕನ ಹೆಜ್ಜೆ ಕೇಳಿಸಿತು, ಅವಳ ದನಿ ಕೇಳಿಸಿತು: "ದಿಂಬು ಸರಿ ಮಾಡ್ಲಾಪ್ಪ? ಎತ್ತಿ ಇಡ್ಲಾ? ಕಾಣ್ತಿಲ್ವಾ ಅವ್ನು?" ಆಮೇಲೆ ಕಿಟಕಿಯಲ್ಲಿ ಅಪ್ಪನ ಮುಖ ಸ್ವಲ್ಪ ಮೇಲೆ ಬಂತು.

ಕೊಬ್ಬಿನ ಸದ್ದು ದೂರ ದೂರವಾಯಿತು. ಒಂದು ತೊಟ್ಟು. ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು. ಮುಚ್ಚಳ ತೆಗೆದು ಕಾಲುಗಳನ್ನು ಬೆಂಕಿಯ ಮೇಲೆ ಸರಿಸಿದ. ಈ ಸಲ ನಲ್ಲಿಯ ಕಡೆ ಹೋಗಲಿಲ್ಲ, ಯಾವ ಪೋಸ್ಟ್‌ಮ್ಯಾನೂ ಬರಲಿಲ್ಲ. ತಿರುಗಿಸಿದ, ತಿರುಗಿಸಿದ, ಬಂಗಾರದ ಬಣ್ಣ ಕಂದು ಬಣ್ಣಕ್ಕೆ ತಿರುಗುವ ಗಳಿಗೆಯಲ್ಲಿ ಎತ್ತಿದ. ಬೆರಳ ಉಗುರಿನಿಂದ ಚರ್ಮವನ್ನು ಮುಟ್ಟಿದರೆ ಟಿಕ್ ಎಂದಿತು. ಥೇಟು ಅಪ್ಪನ ಕೋಳಿ.

ತಟ್ಟೆ ಹಿಡಿದು ಹಾಸಿಗೆಯ ಪಕ್ಕ ಮಂಡಿಯೂರಿದ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. "ಅಪ್ಪಾ..." ಎಂದವನು ತಟ್ಟೆಯನ್ನಷ್ಟೇ ಮುಂದೆ ಚಾಚಿದ.

ಅಪ್ಪ ತಟ್ಟೆಯನ್ನು ಹತ್ತಿರ ತಾ ಎಂದು ಸನ್ನೆ ಮಾಡಿದ. ನಳಿಗೆಯಿಲ್ಲದ ಮೂಗಿನ ಹೊಳ್ಳೆಯಿಂದ ಮೂಸಿದ. ಬೆರಳಿನಿಂದ ಚರ್ಮ ಮುರಿದು ಅದರ ಸದ್ದು ಕೇಳಿದ. ಅಕ್ಕ ಬೇಡ ಎನ್ನುವಷ್ಟರಲ್ಲಿ ಆ ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಕಣ್ಣು ಮುಚ್ಚಿದ. ಅಲ್ಲಿ ಇಲ್ಲದ ತುತ್ತನ್ನು ದವಡೆಗಳು ಮೆಲ್ಲಗೆ ಅಗಿದವು. ಅಗಿಯುತ್ತಲೇ ಇದ್ದವು.

ಆಮೇಲೆ ಗಂಟೆಯ ಕಡೆ ಕೈ ಚಾಚಿದ. ಎತ್ತಿಕೊಂಡ. ಗಂಟೆಯ ನಾಲಿಗೆ ಅಲ್ಲಾಡದಂತೆ ಅಂಗೈಯೊಳಗೆ ಬಿಗಿಯಾಗಿ ಹಿಡಿದು, ಸದ್ದೇ ಮಾಡದೆ ದಿಂಬಿನ ಅಡಿಗೆ ತೂರಿಸಿದ.

ಟ್ರೇಲರ್ ಬಗ್ಗಿ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದ.

"ಉಪ್ಪು ಕಮ್ಮಿ," ಅಂದ ಅಪ್ಪ. ಗಾಳಿಯಷ್ಟೇ, ದನಿಯಿಲ್ಲ. ಕಣ್ಣಲ್ಲಿ ಮಾತ್ರ ಬೂತಿನ ಕಿಂಡಿಯ ಬೆಳಕಿನಂಥದ್ದೇನೋ ಇತ್ತು. "ಫೇಲು. ಮುಂದಿನ ಭಾನುವಾರ... ನೋಡೋಣ."

ಅಕ್ಕ ಆ ತಟ್ಟೆಯನ್ನು ಅಡುಗೆಮನೆಗೆ ಒಯ್ದಳು. ಟ್ರೇಲರ್ ಹಿಂದೆ ಹೋದಾಗ ಅವಳು ಕಟ್ಟೆಗೆ ಒರಗಿ ನಿಂತು ಕೋಳಿಕಾಲನ್ನು ಕಚ್ಚಿ ತಿನ್ನುತ್ತಿದ್ದಳು. ಕಣ್ಣಿನಿಂದ, ಮೂಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಉಪ್ಪು ಸರಿಯಾಗೇ ಇದೆ ಕಣೋ."

"ಗೊತ್ತು," ಅಂದ ಟ್ರೇಲರ್.

ಗೊತ್ತಿತ್ತು. ಪ್ರತಿ ವಾರ ಕೊಳವೆಯನ್ನೇ ನೋಡುತ್ತ ಕೂತ ಮನುಷ್ಯನಿಗೆ ಬಿಲ್ಲೆ ಮುಚ್ಚಿದ್ದು ಕಾಣದೇ ಇತ್ತೇ? ಎಲ್ಲ ಕಂಡೂ ಕಹಿ ಮಾಂಸ ಬಾಯಿಗಿಟ್ಟು, ಮುಖ ಹಿಂಡಿ, ಮುಂದಿನ ಭಾನುವಾರ ಎಂದಿದ್ದ. ಇವತ್ತು ಅದೇ ಆಟವನ್ನು ಮಗನಿಗೆ ತಿರುಗಿಸಿ ಆಡಿದ್ದ. ಜೀವನದಲ್ಲಿ ಮೊದಲ ಸಲ ಟ್ರೇಲರ್‌ನನ್ನು ಯಾರೋ ಬಕರಾ ಮಾಡಿದ್ದರು. ಅವನು ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕನ ತಟ್ಟೆಯಿಂದ ಒಂದು ಎಳೆ ಹರಿದು ಬಾಯಿಗಿಟ್ಟುಕೊಂಡ. ಮೆತ್ತಗಿತ್ತು. ಅಗಿಯುವ ಅಗತ್ಯವೇ ಇರಲಿಲ್ಲ. ನಾಲ್ಕು ವಾರದ ಹಿಂದೆ ಇದು ಅಪ್ಪನ ಗಂಟಲಿನಲ್ಲಿ ಇಳಿಯುತ್ತಿತ್ತು.

ಅಪ್ಪ ಮುಂದಿನ ಭಾನುವಾರದವರೆಗೆ ಬರಲಿಲ್ಲ. ಎರಡು ದಿನ ಮೊದಲು, ಅಕ್ಕ ಮುಖ ಒರೆಸುತ್ತಿರುವಾಗ, ಬೆಳಗಿನ ಬೆಳಕಿನಲ್ಲಿ ಹೋದ. ದಿಂಬು ತೆಗೆದಾಗ ಗಂಟೆ ನೆಲಕ್ಕೆ ಬಿತ್ತು. ಆ ಸದ್ದಿಗೆ ಇಬ್ಬರೂ ಬೆಚ್ಚಿ ಹಾಸಿಗೆಯ ಕಡೆ ತಿರುಗಿದರು, ಏನು ಬೇಕಪ್ಪಾ ಎನ್ನುವ ಹಾಗೆ.

ಬಂದವರು ಬಂದರು, ಹೋದವರು ಹೋದರು. ಭಾನುವಾರ ಸಂಜೆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಟ್ರೇಲರ್ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ, ಮೊದಲ ಭಾನುವಾರ ಸಿಕ್ಕಾಗ ಅಪ್ಪ ಕೂತಿದ್ದನಲ್ಲ, ಹಾಗೆ. ಕಾಂಪೌಂಡಿನ ಆಚೆ ಅಜ್ಜಿ ಬಂದಳು. ಒದ್ದೆ ಅಂಗಿಗಳನ್ನು ಒಂದೊಂದಾಗಿ ತಂತಿಯಿಂದ ತೆಗೆದು ತೋಳಿಗೆ ಹಾಕಿಕೊಂಡಳು. ತೆಗೆದಾದ ಮೇಲೂ ಒಳಗೆ ಹೋಗದೆ ನಿಂತಳು.

"ಏ ಮುಠ್ಠಾಳ."

"ಹೂಂ ಅಜ್ಜಿ."

"ಬಟ್ಟೆ ತೆಗೆದಿದ್ದೀನಿ."

"ಇವತ್ತು ಇಲ್ಲ ಅಜ್ಜಿ."

"ಇನ್ನೂ ಒದ್ದೆ ಇದಾವೆ ಕಣೋ, ಆದ್ರೂ ತೆಗೆದೆ. ಸುಮ್ನೆ ತೆಗೆದ್ನಾ?"

ಟ್ರೇಲರ್ ಎದ್ದ. ಕೋಳಿ ತಂದ. ಹಿಂದಿನ ಸಂಜೆ ಉಪ್ಪು ಹಚ್ಚಿರಲಿಲ್ಲ, ಈಗಲೇ ಹಚ್ಚಿದ. ಸರಿಯಾದ ಚಿಟಿಕೆ ಹಿಡಿದ. ಒಂದು ಗಳಿಗೆ ನಿಂತ. ಆಮೇಲೆ ಅದರ ಮೇಲೆ ಇನ್ನೊಂದು ಚಿಟಿಕೆ ಉದುರಿಸಿದ. ಉಪ್ಪು ಕಮ್ಮಿ ಎಂದು ಆಪರೇಟರ್ ಹೇಳಿದ ಮೇಲೆ ಮುಗಿಯಿತು.

ಬೆಂದ ಮೇಲೆ ಮೂವರೂ ಮೆಟ್ಟಿಲ ಮೇಲೆ ಕೂತು ತಿಂದರು. ಅಜ್ಜಿ ಮೊದಲ ತುತ್ತಿಗೇ ಮುಖ ಕಿವುಚಿ ನೀರು ಕೇಳಿದಳು.

"ಥೂ, ಏನೋ ಇದು, ಸಮುದ್ರಾನೇ ಸುರಿದಿದ್ದೀಯಲ್ಲೋ!"

ಅಕ್ಕ ನಗಲು ಶುರುಮಾಡಿದಳು. ನಗು ಅರ್ಧದಲ್ಲಿ ಬೇರೆ ಏನೋ ಆಯಿತು. ತಟ್ಟೆಯ ಮೇಲೆ ಬಗ್ಗಿಕೊಂಡಳು. ಯಾಕೆಂದು ತಿಳಿಯದಿದ್ದರೂ ಅಜ್ಜಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಉಪ್ಪು ಕೋಳಿಯನ್ನು ಯಾರೂ ಬಿಡಲಿಲ್ಲ, ಮೂಳೆಯವರೆಗೆ ತಿಂದರು.

"ಮುಂದಿನ ಭಾನುವಾರ ಸ್ವಲ್ಪ ಕಮ್ಮಿ ಹಾಕು," ಅಂದಳು ಅಜ್ಜಿ ಕೈ ತೊಳೆಯುತ್ತ.

ಟ್ರೇಲರ್ ಆರುತ್ತಿರುವ ಇದ್ದಿಲನ್ನು ಕೆದಕಿದ. ಕೊಳವೆಯ ಬಿಲ್ಲೆಯನ್ನು ತೆರೆದೇ ಬಿಟ್ಟ.

"ನೋಡೋಣ ಅಜ್ಜಿ," ಅಂದ.